ಕಾಲುವೆ ದಂಡೆಯ ಕೋಲು

ಬಾಗಿಲ ಹಿಂದೆ ಊರುಗೋಲು, ಇನ್ನೂ ಅಲ್ಲೇ ಇದೆಯಲ್ಲ, ನೊಯೆಮಿ ಕಾಫಿಗೆ ನೀರಿಡುವಾಗ ಕಣ್ಣಿಗೆ ಬಿತ್ತು, ಗಂಡನನ್ನು ಮಣ್ಣು ಮಾಡಿದ ಮೇಲಿನ ಒಂಬತ್ತು ಸಂಜೆಗಳ ಜಪಮಾಲೆ ಪ್ರಾರ್ಥನೆ ನಿನ್ನೆಗೆ ಮುಗಿಯಿತು, ಇವತ್ತು ಯಾರೂ ಸಿಹಿ ಬ್ರೆಡ್ಡು ಹೊತ್ತು ಬರುವುದಿಲ್ಲ, ಇವತ್ತು ಬರೀ ಮಂಗಳವಾರ — ಎರಡು ಲೋಟ ತೆಗೆದವಳು ಒಂದನ್ನು ಒಳಗಿಟ್ಟಳು. ಕೋಲು ಎದುರುಮನೆಯ ಮುದುಕಿ ದೋನ್ಯಾ ಚೋಲೆಯದು, ಅವಳ ಗಂಡ ಸತ್ತಾಗ ಬಿಟ್ಟುಹೋದದ್ದು, ನಾಯಿ ಬೆದರಿಸಲೆಂದು ಇವಳ ಗಂಡ ಎಫ್ರೆಯಿನ್ ಕೇಳಿ ತಂದಿದ್ದ, ಸಕ್ಕರೆ ಮುನ್ನೂರು ದಾಟಿದ ವಾರ, ನಡಿ, ದಿನಾ ನಡಿ ಎಂದು ಇವಳು, ಎಲ್ಲಿ ನಡೀಲಿ ಮಾರಾಯ್ತಿ, ನೀನೇ ಬರ್ದಿದ್ದೀಯಲ್ಲ ಎಂದು ಅವನು. ಬರೆದದ್ದು ನಿಜ, ವಿಶ್ವವಿದ್ಯಾಲಯದ ಸಮೀಕ್ಷೆಗೆ ಎಲ್ ಪಾಸೋ ಪಟ್ಟಣದ ಬೀದಿ ಬೀದಿ ಸುತ್ತಿ, ಯಾವ ಕೇರಿಯವರು ನಡೆಯುತ್ತಾರೆ, ಯಾವ ಕೇರಿಯವರ ರಕ್ತದಲ್ಲಿ ಸಕ್ಕರೆ ಎಷ್ಟು, ಕೊನೆಗೆ ತನ್ನ ಬೀದಿಯ ಬಗ್ಗೆಯೂ — ಕಾಲುದಾರಿ ಇಲ್ಲ, ದೀಪ ಎರಡು, ಬಿಡಾಡಿ ನಾಯಿ ಏಳು, ನಡೆಯಲು ಅನುಕೂಲ ಇಲ್ಲ. ನಮ್ಮ ಬೀದಿಗೇ ಕಾಯಿಲೆ ಅಂತ ಬರ್ದೆಯಲ್ಲೇ ಎಂದಿದ್ದ ಅವನು. ಆಮೇಲೆ ದಿನಾ ಬೆಳಿಗ್ಗೆ ಕೋಲು ಹಿಡಿದು ಹೋಗಿ ಒಂದು ತಾಸಿಗೆ ಬರುತ್ತಿದ್ದ, ನಡೆದೆ ಕಣೇ ಎನ್ನುತ್ತಿದ್ದ, ಇಲ್ಲದ ದಾರಿಯಲ್ಲಿ ಯಾರು ನಡೆಯುತ್ತಾರೆ, ಚೋಲೆಯ ಅಡುಗೆಮನೆಯಲ್ಲಿ ಬ್ರೆಡ್ಡು ಅದ್ದಿ ತಿಂದು ಬಂದಿರುತ್ತಾನೆ, ಮೂವತ್ತನಾಲ್ಕನೇ ವಯಸ್ಸಿಗೆ ಅವನ ಎದೆ ನಿಂತ ಆ ಬೆಳಿಗ್ಗೆಯೂ ಇವಳು ಅಂದ ಕೊನೆಯ ಮಾತು ಅದೇ, ಸುಳ್ಳುಗಾರ — ನಿಜಕ್ಕೂ ಎಲ್ಲಿಗೆ ಹೋಗುತ್ತಿದ್ದ?

ಕೋಲು ಎತ್ತಿದಳು, ತುದಿಯ ರಬ್ಬರು ಒಂದೇ ಪಕ್ಕಕ್ಕೆ ಸವೆದಿದೆ, ಓರೆಯಾಗಿ ಕೊಯ್ದ ನಿಂಬೆಯ ಹಾಗೆ, ಕೂತು ತಿನ್ನುವವನ ಕೋಲು ಸವೆಯುತ್ತದೆಯೇ, ಬೀದಿಗಿಳಿದಳು, ಬೇಲಿಯಡಿಯ ಕಂದು ನಾಯಿ ಎದ್ದಿತು, ಉಳಿದವೂ ಎದ್ದವು, ಏಳು, ಇವಳನ್ನಲ್ಲ, ಕೋಲನ್ನು ನೋಡಿ ಬಾಲ ಆಡಿಸಿ ಮುಂದೆ ಮುಂದೆ ಓಡಿ, ಕೊನೆಯ ಮನೆಯಾಚೆ ಕಾಲುವೆಯ ಕಡೆ ತಿರುಗಿ, ನಿಂತು, ಕಾದವು — ಕಾಲುವೆ ದಂಡೆ, ಅವಳ ಫಾರಮ್ಮಿನಲ್ಲಿ ಅದಕ್ಕೊಂದು ಕಾಲಮ್ಮೇ ಇರಲಿಲ್ಲ. ಇವಳು ಎದುರುಮನೆಗೆ ಹೋಗಿ ತಟ್ಟಿದಳು, ಚೋಲೆ ಬಾಗಿಲು ತೆರೆದಳು, ಕೋಲು ವಾಪಸ್ಸು ಕೊಡೋಕೆ ಅವಸರ ಏನಿತ್ತು ಮಗಳೇ ಎಂದಳು, ದಿನಾ ಬೆಳಿಗ್ಗೆ ಇಲ್ಲಿಗೆ ಬರ್ತಿದ್ನಾ ದೋನ್ಯಾ ಎಂದು ಇವಳು, ಇಲ್ಲಿಗಾ, ನನ್ನ ಕಾಫಿ ಮೂಸೋಕೂ ಪುರಸೊತ್ತಿರ್ಲಿಲ್ಲ ಅವ್ನಿಗೆ, ಕಾಲುವೇದು ಆ ದಂಡೇಲಿ ಹೋಗಿ ತೂಬು ದಾಟಿ ಈ ದಂಡೇಲಿ ಬರ್ತಿದ್ದ, ನನ್ ಗಂಡ ಹತ್ತು ವರ್ಷ ಒಂದೇ ರಬ್ಬರಲ್ಲಿ ಕಳೆದ, ನಿನ್ ಗಂಡ ಮೂರು ತಿಂದ್ಹಾಕ್ದ. ಚೋಲೆ ಕೋಲು ತಗೊಂಡು ಜಗಲಿಯ ಸಿಮೆಂಟಿನ ಮೇಲೆ ಊರಿದಳು, ಸಮನೆಲದಲ್ಲಿ ಅದು ನೆಟ್ಟಗೆ ನಿಲ್ಲಲೊಲ್ಲದು, ವಾಲುತ್ತದೆ, ದಂಡೆಯ ಇಳಿಜಾರಿಗೆ ಸವೆದ ರಬ್ಬರು, ಓರೆ, ಹೋಗುವಾಗಲೂ ಬರುವಾಗಲೂ ನೀರಿನ ಕಡೆಗೆ, ಒಂದೇ ಪಕ್ಕಕ್ಕೆ, ಒಂದೇ ಪಕ್ಕಕ್ಕೆ