ಬಾಣದ ಪಡೆಯ ದಾವೂದ್ ದಾದಾ

ನನ್ನ ಗಂಡನಿಗೆ ಸತ್ತವರ ಮೇಲಿದ್ದ ಕಾಳಜಿ ಬದುಕಿದವರ ಮೇಲೆ ಇರಲಿಲ್ಲ. ಹೀಗಂದರೆ ನನ್ನ ನಾದಿನಿಯರು ಇವತ್ತಿಗೂ ಮೈಮೇಲೆ ಬರ್ತಾರೆ. ಬರಲಿ ಬಿಡಿ. ಆ ಇಂಟರ್‌ವ್ಯೂ ರೂಮಿನಲ್ಲಿ ಕೂತಿದ್ದವಳು ನಾನು, ಅವರಲ್ಲ.

ನಾವಿದ್ದದ್ದು ಡೆಟ್ರಾಯ್ಟ್ ಪಕ್ಕದ ರಾಚೆಸ್ಟರ್ ಹಿಲ್ಸ್‌ನಲ್ಲಿ. ನಮ್ಮವರು, ಫಜಲುಲ್ಲಾ, ಸ್ಟರ್ಲಿಂಗ್ ಹೈಟ್ಸ್‌ನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಕಾರು ಗುದ್ದಿದಾಗ ಏರ್‌ಬ್ಯಾಗ್ ಉಬ್ಬುತ್ತಲ್ಲ, ಅದನ್ನ ಉಬ್ಬಿಸೋ ಮದ್ದು ಎಷ್ಟು ಬೇಗ ಉರೀಬೇಕು ಅಂತ ನೋಡೋ ಕೆಲಸ. ಊರು ಶ್ರೀರಂಗಪಟ್ಟಣದ ಗಂಜಾಂ. ಅವರ ಮನೆತನದ ಮೂಲಪುರುಷ ಶೇಖ್ ದಾವೂದ್, ಟಿಪ್ಪು ಸುಲ್ತಾನರ ಬಾಣದ ಪಡೆಯ ಸಿಪಾಯಿ. ಬಾಣ ಅಂದರೆ ಬಿಲ್ಲಿನದಲ್ಲ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹಾರಿಸುತ್ತಿದ್ದ ರಾಕೆಟ್ಟು. ಕೋಟೆ ಬಿದ್ದ ದಿನ ದಾವೂದ್ ದಾದಾ, ಅಂದರೆ ದಾವೂದಜ್ಜ, ಗೋಡೆ ಮೇಲೆ ನಿಂತೇ ಶಹೀದ್ ಆದ ಅಂತ ಮನೆಯವರ ನಂಬಿಕೆ. ಪ್ರತಿ ಮೇ ನಾಲ್ಕಕ್ಕೆ ಬೆಲ್ಲ ತುಪ್ಪ ಹಾಕಿ ಮಲೀದ ಮಾಡಿ, ಊದುಬತ್ತಿ ಹಚ್ಚಿ ಅವನ ಹೆಸರಲ್ಲಿ ಫಾತಿಹಾ ಓದಬೇಕು. ಇನ್ನೊಂದು ಕಟ್ಟುನಿಟ್ಟೂ ಇತ್ತು. ಸರ್ಕಾರಿ ಕಛೇರಿಯಲ್ಲಿ ನಿಮ್ಮ ಮನೆತನ ಯಾವುದು ಅಂತ ಯಾರು ಕೇಳಿದರೂ ಮೊದಲು ದಾದಾನ ಹೆಸರು ಹೇಳಬೇಕು. ಅವನ ಹೆಸರು ಮುಚ್ಚಿಟ್ಟವನು ಉದ್ಧಾರ ಆಗಲ್ಲ ಅಂತ ನಮ್ಮತ್ತೆ ಸಾಯೋ ತನಕ ಹೇಳಿ ಹೇಳಿ ಇವರ ತಲೇಲಿ ಕೂರಿಸಿದ್ದರು.

1999ರ ಮೇ ನಾಲ್ಕಕ್ಕೆ ಕೋಟೆ ಬಿದ್ದು ಇನ್ನೂರು ವರ್ಷ. ಅಷ್ಟರೊಳಗೆ ದಾದಾ ಕೋಟೆಯ ಯಾವ ಮೂಲೆಯಲ್ಲಿ ಬಿದ್ದ ಅಂತ ದಾಖಲೆಯಲ್ಲಿ ಕಂಡುಹಿಡೀಬೇಕು ಅಂತ ಇವರಿಗೆ ಹುಚ್ಚು ಹತ್ತಿತು. ಕಂಪನಿಯ ದೊಡ್ಡ ಆಫೀಸು ಶಿಕಾಗೋ ಪಕ್ಕದ ಇಟಾಸ್ಕಾದಲ್ಲಿ. ತಿಂಗಳಿಗೊಮ್ಮೆ ಮೀಟಿಂಗ್ ಅಂತ ಮುನ್ನೂರು ಮೈಲಿ ಡ್ರೈವ್ ಮಾಡ್ಕೊಂಡು ಹೋದರೆ, ಮಾರನೇ ದಿನವೆಲ್ಲ ಶಿಕಾಗೋದ ಲೈಬ್ರರಿಯಲ್ಲಿ ಮೈಕ್ರೋಫಿಲ್ಮ್ ಮುಂದೆ. ಲಂಡನ್ನಿನಲ್ಲಿ ಹಳೇ ಕಡತ ಓದಿಕೊಡುವ ಒಬ್ಬ ಹೆಂಗಸಿಗೂ ಕಾಗದ ಬರೆದರು. ಫೈಲು ಊದುತ್ತಾ ಹೋಯಿತು. ಕೋಟೆಯ ನಕ್ಷೆ, ಮದ್ದಿನ ಮನೆ ಇದ್ದ ಕಡೆ ಕೆಂಪು ಗುರುತು, ಬಾಣದ ಕೊಳವೆಯ ಚಿತ್ರ. ಆ ಬಾಣ ಎಷ್ಟು ದೂರ ಹಾರುತ್ತಿತ್ತು ಅಂತ ಹೋಟೆಲ್ ರೂಮಿನಲ್ಲಿ ಕೂತು ಲೆಕ್ಕ ಬೇರೆ. ಬರೆದದ್ದು ಯಾವುದರ ಮೇಲೆ? ಕಂಪನಿಯ ಹೆಸರು ಅಚ್ಚಾಗಿದ್ದ ಹಾಳೆ ಮೇಲೆ!

"ಏನ್ರೀ, ನಮ್ಮ ದೇಶದವರು ಪೋಖ್ರಾನ್‌ನಲ್ಲಿ ಬಾಂಬ್ ಸಿಡಿಸಿ ಇನ್ನೂ ವರ್ಷ ಆಗಿಲ್ಲ. ಇಲ್ಲಿಯವರು ನಮ್ಮನ್ನ ನೋಡೋ ನೋಟಾನೇ ಬೇರೆ ಆಗಿದೆ. ನೀವು ರಾಕೆಟ್ಟು ಗೀಕೆಟ್ಟು ಅಂತ ಬರ್ಕೊಂಡು ಕೂತಿದೀರಲ್ಲ" ಅಂದೆ.

"ಇನ್ನೂರು ವರ್ಷದ ಹಿಂದಿನದು ಕಣೇ" ಅಂತ ನಕ್ಕರು.

ನನಗೆ ನಗು ಬರ್ತಿರಲಿಲ್ಲ. ನನ್ನ ಚಿಂತೆಯೆಲ್ಲ ದಾನಿಯಾದು. ಹನ್ನೆರಡು ವರ್ಷಕ್ಕೆ ನಮ್ಮ ಜೊತೆ ಬಂದ ಮಗಳು. ಏಪ್ರಿಲ್ ಹತ್ತೊಂಬತ್ತಕ್ಕೆ ಇಪ್ಪತ್ತೊಂದು ತುಂಬುತ್ತೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಕೈಗೆ ಬಂದರೆ ನಾಲ್ಕೂ ಜನಕ್ಕೆ ಬಂದ ಹಾಗೆ. ಒಂದು ದಿನ ತಡವಾದರೂ ಅವಳು ಅಪ್ಪನ ಅರ್ಜಿಯಿಂದ ಹೊರಗೆ. ನಾನು, ಇವರು, ಸಣ್ಣವನು ಇಮಾದ್ ಇಲ್ಲಿ, ಅವಳೊಬ್ಬಳು ವಾಪಸ್. ಲಾಯರ್ ಉಪೇಂದ್ರ ಮೂರು ಸಲ ಬಿಡಿಸಿ ಹೇಳಿದ್ದರು: "ಆಂಟಿ, ಕೇಳಿದ್ದಕ್ಕಷ್ಟೇ ಉತ್ತರ. ಒಂದು ಮಾತು ಹೆಚ್ಚಿಗೆ ಬೇಡ."

ಫೆಬ್ರವರಿಯಲ್ಲಿ ಗ್ರೀನ್ ಕಾರ್ಡ್ ಇಂಟರ್‌ವ್ಯೂಗೆ ಡೆಟ್ರಾಯ್ಟ್‌ಗೆ ಕರೆದರು. ಮೈನಸ್ ಹತ್ತು ಡಿಗ್ರಿ ಚಳಿ. ಮನೆ ಬಿಡುವಾಗಲೇ ಇವರ ಬ್ಯಾಗು ಯಾಕೋ ದಪ್ಪಗೆ ಕಂಡಿತು. ಕೇಳೋಣ ಅಂದುಕೊಂಡೆ. ಹೊರಡೋ ಹೊತ್ತಲ್ಲಿ ಜಗಳ ಬೇಡ ಅಂತ ಬಾಯಿ ಮುಚ್ಚಿಕೊಂಡೆ. ಆ ಬಾಯಿಗೆ ನಾನೇ ಎಷ್ಟು ಸಲ ಶಾಪ ಹಾಕಿದೀನೋ ಲೆಕ್ಕವಿಲ್ಲ.

ಆಫೀಸರ್ ಮೆತ್ತಗಿನ ಮನುಷ್ಯ. ಕೈ ಎತ್ತಿಸಿ ಪ್ರಮಾಣ ಮಾಡಿಸಿದ. ಹದಿನೈದು ನಿಮಿಷ ಎಲ್ಲಾ ಸಲೀಸು. ದಾನಿಯಾಳ ಕಾಲೇಜಿನ ಬಗ್ಗೆ ಕೇಳಿದ, ಅವಳು ನಗ್ತಾ ಹೇಳಿದಳು. ಆಮೇಲೆ ಕಾಗದ ಜೋಡಿಸುತ್ತಾ, ಮಾತಿಗೆ ಮಾತು ಅನ್ನೋ ಹಾಗೆ ಕೇಳಿದ: ನಿಮ್ಮ ಕುಟುಂಬದಲ್ಲಿ ಯಾರಾದರೂ ಸೈನ್ಯದಲ್ಲಿ ಇದ್ದರಾ?

ನಾನು ಮೇಜಿನ ಕೆಳಗೆ ಇವರ ಕಾಲು ತುಳಿದೆ. ಜೋರಾಗೇ ತುಳಿದೆ. ಇವರು ಬೆನ್ನು ನೆಟ್ಟಗೆ ಮಾಡಿಕೊಂಡು, "ಯೆಸ್ ಸರ್. ರಾಕೆಟ್ ಪಡೆ" ಅಂದರು. ಅಂದವರೇ ಬ್ಯಾಗಿಂದ ಫೈಲು ತೆಗೆದು ಮೇಜಿನ ಮೇಲೆ ಬಿಚ್ಚಿದರು.

ಆಫೀಸರ್ ನಕ್ಷೆ ನೋಡಿದ. ಕೆಂಪು ಗುರುತು ನೋಡಿದ. ಕೊಳವೆಯ ಚಿತ್ರ ನೋಡಿದ. ಲೆಕ್ಕ ಬರೆದಿದ್ದ ಹಾಳೆಗೆ ಬಂದು, ಅದರ ಮೇಲ್ತುದಿಯಲ್ಲಿದ್ದ ಕಂಪನಿಯ ಹೆಸರನ್ನೂ ನಮ್ಮ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದ. ಇವರು 1799, ಕೋಟೆ, ಅಜ್ಜನ ಅಜ್ಜನ ಅಜ್ಜ ಅಂತ ಒಂದೇ ಸಮ ಹೇಳ್ತಾ ಇದ್ದರು. ಅವನು ಪೆನ್ನು ಕೆಳಗಿಟ್ಟ. ಒಂದು ನಿಮಿಷ ಅಂತ ಫೈಲು ಎತ್ತಿಕೊಂಡು ಹೊರಗೆ ಹೋದ. ಮುಕ್ಕಾಲು ಗಂಟೆ ಬರಲಿಲ್ಲ. ಬಂದಾಗ ಕೈಯಲ್ಲಿ ಫೈಲಿರಲಿಲ್ಲ. ನಾವು ತಿಳಿಸ್ತೀವಿ, ನೀವು ಹೋಗಬಹುದು ಅಂದ.

ಕಾರಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. "ಪ್ರಮಾಣ ಮಾಡಿ ಕೂತಿದ್ದೆ ಷಹನಾಜ್. ದಾದಾ ಇರಲೇ ಇಲ್ಲ ಅನ್ನಲಾ?" ಅಂದರು. ದಾನಿಯಾ ಹಿಂದಿನ ಸೀಟಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡಿದ್ದಳು.

ಮಾರ್ಚಿನಲ್ಲಿ ಸರ್ಕಾರದ ಕಡೆಯ ಇಬ್ಬರು ಕಾರ್ಖಾನೆಗೆ ಬಂದು, ಇವರು ಏನು ಕೆಲಸ ಮಾಡ್ತಾರೆ, ಯಾರಿಗೆ ಕಾಗದ ಬರೀತಾರೆ ಅಂತ ವಿಚಾರಿಸಿ ಹೋದರು. ಆಮೇಲೆ ಇಟಾಸ್ಕಾ ಮೀಟಿಂಗ್‌ಗೆ ಕರೆಯೋದು ನಿಂತಿತು. ಉಪೇಂದ್ರ ಪ್ರತಿ ವಾರ ಫೋನ್ ಮಾಡೋರು. ಪರಿಶೀಲನೆಯಲ್ಲಿದೆ ಅನ್ನೋದು ಬಿಟ್ಟು ಬೇರೆ ಉತ್ತರ ಸಿಗಲಿಲ್ಲ. ಅಂಚೆಯ ಗಾಡಿ ನಮ್ಮ ಬೀದಿಗೆ ತಿರುಗಿದರೆ ಸಾಕು, ನಾನು ಬಾಗಿಲಿಗೆ ಓಡೋಳು. ಏಪ್ರಿಲ್ ಹತ್ತೊಂಬತ್ತು ಬಂತು, ಹೋಯಿತು. ಕೇಕು ಫ್ರಿಜ್ಜಿನಲ್ಲೇ ಉಳಿಯಿತು. ಸ್ಟೂಡೆಂಟ್ ವೀಸಾಗೆ ಊರಿಂದಲೇ ಅಪ್ಲೈ ಮಾಡಬೇಕು, ಇಲ್ಲಿ ಅಕ್ರಮವಾಗಿ ಉಳಿದರೆ ಇನ್ನೂ ಕೆಡುತ್ತೆ ಅಂದರು ಉಪೇಂದ್ರ. ಏಪ್ರಿಲ್ ಮೂವತ್ತಕ್ಕೆ ಮಗಳನ್ನ ವಿಮಾನ ಹತ್ತಿಸಿದ್ವಿ. ಇರೋದು ಮೈಸೂರಿನಲ್ಲಿ, ನಾದಿನಿ ಹಾದಿಯಾ ಮನೆಯಲ್ಲಿ ಅಂತ ಆಯಿತು. ಹೊರಡುವಾಗ ದಾನಿಯಾ ನನ್ನನ್ನ ತಬ್ಬಿಕೊಂಡಳು. ಅಪ್ಪನ ಕೈ ಮುಟ್ಟಿ ಸುಮ್ಮನೆ ಹೋದಳು.

ಮೇ ನಾಲ್ಕರ ಸಂಜೆ ಇವರು ಮಲೀದದ ತಟ್ಟೆ ಮುಂದೆ ಟೋಪಿ ಹಾಕಿಕೊಂಡು ಕೂತಿದ್ದರು. ಅವತ್ತೇ ಲಂಡನ್ನಿನ ಲಕೋಟೆ ಬಂದಿತ್ತು. ನಾನೇ ಒಡೆದು ಓದಿದ್ದೆ, ಎರಡು ಸಲ. ಹೋಗಿ ಎದುರಿಗೆ ಕೂತು, "ಕೇಳಿ" ಅಂತ ಕನ್ನಡದಲ್ಲಿ ಹೇಳ್ತಾ ಹೋದೆ. ಕೋಟೆ ಬಿದ್ದ ಮರುವರ್ಷ ಇಂಗ್ಲಿಷರ ಹತ್ತಿರ ಕೆಲಸಕ್ಕೆ ಸೇರುವಾಗ ಶೇಖ್ ದಾವೂದ್ ಕೊಟ್ಟ ಹೇಳಿಕೆ ಅದು.

"ನಾನು ಬಾಣದ ಪಡೆಯವನು. ದಾಳಿಗೆ ಎರಡು ದಿನ ಮೊದಲು, ತಾಯಿಯಿಲ್ಲದ ನನ್ನ ಮಗಳನ್ನು ಎತ್ತಿಕೊಂಡು ಹೊಳೆ ದಾಟಿದೆ. ನನಗೆ ಬೇರೆ ಮಕ್ಕಳಿಲ್ಲ. ಆಚೆ ದಡದ ಇಂಗ್ಲಿಷರ ಕಾವಲಿನವರು ಹಿಡಿದು, ಯಾರು ನೀನು, ಸಿಪಾಯಿಯೇ ಎಂದು ಕೇಳಿದರು. ಬಳೆ ಮಾರುವವನು, ನನ್ನ ವಂಶದಲ್ಲೇ ಯಾರೂ ಸಿಪಾಯಿಯಲ್ಲ ಎಂದೆ. ದೇವರ ಮೇಲೆ ಆಣೆ ಮಾಡಿಸಿದರು. ಮಾಡಿದೆ. ಬಿಟ್ಟರು."

ಇವರು ಕಾಗದ ಈಸಿಕೊಂಡು ತಾವೇ ಓದಿದರು. ಆಮೇಲೆ, "ಮಗಳು?" ಅಂದರು.

"ಉಳಿದಳು. ಅವಳು ಉಳಿದಿದ್ದಕ್ಕೇ ನೀವು ಇಲ್ಲಿ ಕೂತಿರೋದು. ನಿಮ್ಮ ದಾದಾಗಿದ್ದ ಬುದ್ಧಿ ನಿಮಗೆ ಇರಲಿಲ್ಲ ರೀ" ಅಂದೆ. ಅನ್ನಬಾರದಿತ್ತೇನೋ. ಅಂದುಬಿಟ್ಟೆ.

ಅವರು ಟೋಪಿ ತೆಗೆದು ಪಕ್ಕಕ್ಕಿಟ್ಟು ಎದ್ದು ಹೋಗಿ ಮೈಸೂರಿಗೆ ಫೋನ್ ಹಚ್ಚಿದರು. ನಾನು ಸ್ಪೀಕರ್ ಒತ್ತಿದೆ. ಅಲ್ಲಿ ಬೆಳಗಾಗಿತ್ತು. ವೀಸಾ ಇಂಟರ್‌ವ್ಯೂಗೆ ಚೆನ್ನೈಗೆ ಹೋಗೋಕೆ ಡೇಟ್ ಸಿಕ್ಕಿದೆ ಅಂದಳು ದಾನಿಯಾ.

"ಮಗಳೇ, ಮನೆಯಲ್ಲಿ ಯಾರಾದರೂ ಸಿಪಾಯಿಗಳಿದ್ದರಾ ಅಂತ ಕೇಳಿದರೆ ಯಾರೂ ಇಲ್ಲ ಅನ್ನು. ಆಣೆ ಮಾಡಿಸಿದರೆ ಮಾಡು. ಯಾವತ್ತೂ ಯಾರೂ ಇರಲಿಲ್ಲ ಅನ್ನು" ಅಂದರು. ಅಳ್ತಾ ಇದ್ದರು.



"ಬಟ್ ಅಬ್ಬಾ," ಅಂದಳು ನನ್ನ ಮಗಳು, "ದೇ ಹ್ಯಾವ್ ದ ಫೈಲ್."