ಡಿಸೆಂಬರಿನ ಪ್ರಾರ್ಥನಾ ಪತ್ರ

ಮಲೇಷ್ಯಾದಲ್ಲಿ ಚಳಿ ಎಂದರೆ ಊರಲ್ಲಿ ನಗುತ್ತಾರೆ. ನಾನೂ ನಕ್ಕವಳೇ. ಮಂಗಳೂರಿನಿಂದ ಹೊರಡುವಾಗ ಇದ್ದ ಒಂದೇ ಉಣ್ಣೆ ಶಾಲನ್ನು ನಾದಿನಿಗೆ ಕೊಟ್ಟು, ವಾಯಿಲ್ ಸೀರೆ ತುಂಬಿಕೊಂಡು ಬಂದ ಜಾಣೆ ನಾನು. ಮಿಷನ್‌ನವರು ನಮ್ಮನ್ನು ಕಳಿಸಿದ್ದು ಕ್ಯಾಮರನ್ ಹೈಲ್ಯಾಂಡ್ಸ್‌ನ ಚಹಾ ತೋಟಕ್ಕೆ, ಬೆಟ್ಟದ ಮೇಲಕ್ಕೆ. ಡಿಸೆಂಬರಿನ ಮಳೆ ಹಿಡಿದರೆ ಇಲ್ಲಿ ಗೋಡೆ ಬೆವರುತ್ತದೆ, ಹಾಸಿಗೆ ತಣ್ಣಗೆ ಒದ್ದೆಯಾಗುತ್ತದೆ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ.

ನನ್ನ ಗಂಡ ರತ್ನಾಕರ ತೋಟದ ತಮಿಳು ಕೆಲಸಗಾರರ ಪುಟ್ಟ ಕ್ರೈಸ್ತ ಸಭೆಗೆ ಬೋಧಕರು. ಇವರಿಗೆ ಅಕ್ಟೋಬರಿನಿಂದ ಕೆಮ್ಮು. ಈಗ ಕರ್ಚೀಫಿನಲ್ಲಿ ರಕ್ತ. "ಒಂದು ನ್ಯುಮೋನಿಯಾ ವಾಸಿಯಾಗುವ ಮೊದಲೇ ಇನ್ನೊಂದು ಬಂದಿದೆ. ಈ ಚಳಿಯಿಂದ ಕೂಡಲೇ ಕೆಳಗೆ ಕರೆದುಕೊಂಡು ಹೋಗಿ. ಮೂರನೆಯದು ಬಂದರೆ ಉಳಿಯುವುದು ಕಷ್ಟ" ಎಂದು ಡಾಕ್ಟರ್ ನನ್ನ ಮುಖ ನೋಡಿ ಹೇಳಿದರು.

ಇವರು ಕೇಳಬೇಕಲ್ಲ! "ಕಳಿಸಿದವರು ಕರೆಯದೆ ನಾನು ಇಳಿಯುದಿಲ್ಲ, ಸಲೋಮಿ," ಎಂದು ಒಂದೇ ಹಟ.

ಕಳಿಸಿದವರು ಏಕೆ ಕರೆದಾರು? ತಿಂಗಳಿಗೊಂದು ಪ್ರಾರ್ಥನಾ ಪತ್ರವನ್ನು ಊರಿನ ಸಭೆಗಳಿಗೆ ಕಳಿಸುವುದು ನಮ್ಮ ಪದ್ಧತಿ. ಇವರು ಹೇಳುತ್ತಾರೆ, ನಾನು ಬರೆದು ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಎರಡು ವರ್ಷದಿಂದ ಅದೇ ಮಾತು: "ದೇವರ ಕೃಪೆಯಿಂದ ನಾವಿಬ್ಬರೂ ಕ್ಷೇಮ. ಇಲ್ಲಿಯ ಹವೆ ತಂಪಾಗಿ ಹಿತವಾಗಿದೆ." ಕಷ್ಟ ಬರೆದರೆ ಗೊಣಗಿದ ಹಾಗಾಗುತ್ತದಂತೆ. ತಪ್ಪೆಲ್ಲ ಇವರದೇ ಅಲ್ಲ. ಪತ್ರವನ್ನು ಭಾನುವಾರ ಸಭೆಯಲ್ಲಿ ಓದಿದರೆಂದು ಅಮ್ಮ ಫೋನಿನಲ್ಲಿ ಹೇಳಿದಾಗಲೆಲ್ಲ ನಾನು ಹಿಗ್ಗಿದ್ದೆ. ಇವರು ಹೇಳದ ಸಂತೋಷವನ್ನೂ ಅಲ್ಲಲ್ಲಿ ನಾನೇ ಸೇರಿಸಿದ್ದೆ.

ಮಿಷನ್ನಿನ ಕಾರ್ಯದರ್ಶಿಗಳಿಗೆ ಗುಟ್ಟಾಗಿ ಫೋನ್ ಮಾಡಿದ್ದೂ ಆಯಿತು. "ಕೆಮ್ಮಾ? ಶುಂಠಿ ಕಷಾಯ ಕೊಡಿ ಅಮ್ಮ. ನಿಮ್ಮ ಪತ್ರ ಓದಿದ್ರೆ ನಮಗೇ ಅಲ್ಲಿಗೆ ಬರುವ ಅಂತ ಆಗ್ತದೆ," ಎಂದು ನಕ್ಕರು. ಅವತ್ತು ಆ ಪತ್ರಗಳನ್ನು ಬರೆದ ನನ್ನ ಬೆರಳುಗಳನ್ನೇ ಕತ್ತರಿಸಿಕೊಳ್ಳಬೇಕು ಅನ್ನಿಸಿತು.

ನಿನ್ನೆ ಬೆಳಿಗ್ಗೆ ಇವರಿಗೆ ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಹೊದಿಸಿ, ಮೇಲೆ ಚರ್ಚಿನ ಬಾಗಿಲ ಪರದೆಯನ್ನೂ ಹಾಕಿದ್ದೆ. ಆದರೂ ಹಲ್ಲು ಕಟಕಟ ಎನ್ನುತ್ತಿತ್ತು.

"ಡಿಸೆಂಬರಿನ ಪತ್ರ ಬರಿ," ಅಂದರು. "ನಾವಿಬ್ಬರೂ ಕ್ಷೇಮ... ಹವೆ ತಂಪಾಗಿ..." ಕೆಮ್ಮು ಮುಂದೆ ಬಿಡಲಿಲ್ಲ.

ನಾನು ಬರೆದೆ: "ಕ್ರಿಸ್ತನಲ್ಲಿ ಪ್ರಿಯರೇ, ನಾವು ಕ್ಷೇಮವಾಗಿಲ್ಲ. ಇವರು ರಕ್ತ ಕೆಮ್ಮುತ್ತಿದ್ದಾರೆ. ಇಷ್ಟು ದಿನ ನಾನು ಬರೆದದ್ದು ಸುಳ್ಳು. ಕೈಮುಗಿದು ಬೇಡುತ್ತೇನೆ, ಈ ವಾರವೇ ನಮ್ಮನ್ನು ವಾಪಸ್ ಕರೆಸಿಕೊಳ್ಳಿ." ಮತ್ತೆ ಓದದೆ ಕಳಿಸಿಬಿಟ್ಟೆ.

ಫೋನ್ ಟಿಂಗ್ ಟಿಂಗ್ ಎನ್ನತೊಡಗಿತು. ತೆರೆದು ನೋಡಿದೆ. ಆಮೆನ್. ಆಮೆನ್. ಮುಗಿದ ಕೈಗಳ ಚಿತ್ರ. ಸ್ತೋತ್ರ. ಆಮೆನ್. ಮಧ್ಯಾಹ್ನದೊಳಗೆ ಐವತ್ತೊಂದು. ಕೊನೆಯದು ಕಾರ್ಯದರ್ಶಿಗಳದು: "ಆಮೆನ್. ಎಂದಿನಂತೆ ಉತ್ತೇಜನದ ಪತ್ರ."

ಒಬ್ಬರೂ ಓದಿರಲಿಲ್ಲ. ಎರಡು ವರ್ಷ ಒಂದೇ ಮಾತು ಬರೆದು, ಓದದೆ ಆಮೆನ್ ಎನ್ನುವುದನ್ನು ಅವರಿಗೆ ಕಲಿಸಿದವಳು ನಾನೇ. ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

"ಸಲೋಮಿ," ಒಳಗಿನಿಂದ ಕರೆದರು. "ತುಂಬ ಶಬ್ದ ಬಂತಲ್ಲ. ಎಂತ ಬರ್ದಿದ್ದಾರೆ?"

ಮುಖ ಒರೆಸಿಕೊಂಡು ಹೋಗಿ ಮಂಚದ ಅಂಚಿಗೆ ಕುಳಿತೆ. ಬರೆಯುವುದರಲ್ಲಿ ಪಳಗಿದ ಸುಳ್ಳು ಓದುವಾಗಲೂ ತಡವರಿಸಲಿಲ್ಲ.

"ಕಾರ್ಯದರ್ಶಿಗಳು ಬರ್ದಿದ್ದಾರೆ," ಎಂದು ಫೋನ್ ಹಿಡಿದು ಓದಿದೆ. "'ರತ್ನಾಕರ ಅಯ್ಯನವರೇ, ನೀವು ಅಲ್ಲಿ ದುಡಿದದ್ದು ಸಾಕು. ಕೂಡಲೇ ಹೊರಟು ಬನ್ನಿ.'"

ಎಲ್ಲಿ ತೋರಿಸು ಅನ್ನುತ್ತಾರೆ, ಬೈಯುತ್ತಾರೆ ಎಂದು ಕಾದೆ. ಇವರು ಗೋಡೆಯ ಕಡೆಗೆ ಹೊರಳಿದರು. ಹೊದಿಕೆಗಳ ರಾಶಿ ಅಲುಗತೊಡಗಿತು. ಕೆಮ್ಮು ಬಂತೆಂದು ಬಿಸಿನೀರು ಹಿಡಿದೆ. ಕೆಮ್ಮಲ್ಲ, ಅಳುತ್ತಿದ್ದರು.

"ಕರೆದ್ರಾ?" ಅಂದರು. "ಪ್ರತಿ ಪತ್ರ ಹೇಳಿ ಬರೆಸುವಾಗಲೂ ನಾನು ಅದನ್ನೇ ಬೇಡ್ತಿದ್ದೆ, ಸಲೋಮಿ. ಯಾರಾದ್ರೂ ಒಮ್ಮೆ ಬನ್ನಿ ಅಂತ ಹೇಳ್ಲಿ ಅಂತ."

ನಾನು "ಆಮೆನ್" ಅಂದು ಕಪಾಟಿನ ಮೇಲಿಂದ ಪೆಟ್ಟಿಗೆ ಇಳಿಸಿದೆ.