ದೋವ್ ಎಂಬ ಮೂವರು

ಹುಟ್ಟೂರು ವಿಲ್ನಾದಲ್ಲಿ ಅವಳು ಫೈಗೆಲೆ. ಯುದ್ಧ ಮುಗಿದು, ಯಹೂದಿಗಳ ಹೊಸ ನಾಡಿನ ಹೈಫಾ ಬಂದರಿನಲ್ಲಿ ಹಡಗಿನಿಂದಿಳಿದ ವಾರವೇ ಕಚೇರಿಯ ಗುಮಾಸ್ತ, "ನಿಮ್ಮ ಯಿದ್ದಿಶ್‌ನಲ್ಲಿ ಫೈಗೆಲೆ ಅಂದ್ರೆ ಪುಟ್ಟ ಹಕ್ಕಿ ಅಲ್ವೇನಮ್ಮ? ಹೀಬ್ರೂನಲ್ಲಿ ಹಕ್ಕಿಗೆ ತ್ಸಿಪೋರ್ ಅಂತೀವಿ. ಇವತ್ತಿಂದ ನೀವು ತ್ಸಿಪೋರಾ," ಎಂದು ಬರೆದುಕೊಟ್ಟಿದ್ದ. ಹಳೆಯ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಅವಳು ತಕರಾರು ಮಾಡಲಿಲ್ಲ.

ಹಗಲೆಲ್ಲ ಹೊಲಿಗೆ ಕಾರ್ಖಾನೆ. ಸಂಜೆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಚಮಚ, ದಿಂಬು, ಸೂಜಿ, ನೆಗಡಿ ಎಂದು ಒಂದೊಂದಕ್ಕೂ ಹೀಬ್ರೂ ಮಾತು ಬಾಯಿಪಾಠ ಮಾಡುತ್ತಿದ್ದಳು. ತಪ್ಪಾದರೆ ತಿದ್ದುವವರಿರಲಿಲ್ಲ.

ಹೀಗೇ ಎಂಟು ವರ್ಷ ಕಳೆಯಿತು. ಒಂದು ಶುಕ್ರವಾರ ಶ್ರಾಗಾನ ಬ್ರೆಡ್ಡಿನಂಗಡಿಯ ಸಾಲಿನಲ್ಲಿ ಹಿಂದೆ ನಿಂತವನೊಬ್ಬ ಯಿದ್ದಿಶ್‌ನಲ್ಲಿ ಕೇಳಿದ: "ನೀನು ಗಡಿಯಾರ ರಿಪೇರಿ ಜೆಲಿಗ್ ಮಗಳು ಫೈಗೆಲೆ ಅಲ್ವಾ?"

"ಅಲ್ಲ, ನಾನು ತ್ಸಿಪೋರಾ," ಎಂದುಬಿಟ್ಟಳು. ಬಾಯಿಗೆ ಅದೇ ರೂಢಿಯಾಗಿತ್ತು.

"ತಪ್ಪು ತಿಳ್ಕೋಬೇಡಿ," ಎಂದು ಅವನು ಹೊರಗೆ ನಿಂತಿದ್ದ ಲಾರಿಯತ್ತ ಹೊರಟುಹೋದ.

ಬ್ರೆಡ್ಡು ಕೈಗೆ ಬರುವ ಹೊತ್ತಿಗೆ ಅವಳಿಗೆ ಗುರುತು ಹತ್ತಿತು. ವಿಲ್ನಾದ ಎದುರುಮನೆಯ ಬೆರ್ಲ್! ಬೀದಿಗೆ ಓಡಿದಳು. ಲಾರಿ ತಿರುವು ದಾಟಿತ್ತು.

"ತರಕಾರಿ ಲಾರಿಯೋರು ಕಣಮ್ಮ," ಎಂದ ಶ್ರಾಗಾ. "ಗಲಿಲಾಯದ ಕಿಬ್ಬುತ್ಸಿನೋರು. ಅಷ್ಟು ಗಾಬರಿ ಯಾಕೆ, ಸಾಲ ಇಸ್ಕೊಂಡು ಓಡಿದ್ನಾ?"

ಅವಳಿಗೆ ನಗು ಬರಲಿಲ್ಲ. ಒಟ್ಟುಬೇಸಾಯದ ಆ ಹಳ್ಳಿಯ ವಿಳಾಸ ಕೇಳಿಕೊಂಡು ಅಂದೇ ಪತ್ರ ಹಾಕಿದಳು. ಅಲ್ಲಿನ ಕಾರ್ಯದರ್ಶಿ ಉತ್ತರಿಸಿದಳು: 'ಬೆರ್ಲ್ ಎನ್ನುವವರು ಇಲ್ಲಿಲ್ಲ. ಇಲ್ಲಿ ಎಲ್ಲರೂ ಹೆಸರು ಬದಲಿಸಿಕೊಂಡವರೇ. ಹೀಬ್ರೂ ಹೆಸರು ತಿಳಿಸಿ.'

ಯಿದ್ದಿಶ್‌ನಲ್ಲಿ ಬೆರ್ಲ್ ಎಂದರೆ ಪುಟ್ಟ ಕರಡಿ. ನಿಘಂಟು ತೆಗೆದು ನೋಡಿದಳು. ಕರಡಿಗೆ ದೋವ್ ಎಂದಿತ್ತು. ಹಾಗೇ ಬರೆದಳು. 'ನಮ್ಮಲ್ಲಿ ಮೂವರು ದೋವ್ ಇದ್ದಾರೆ. ನಿಮ್ಮ ಪತ್ರವನ್ನು ಮೂವರಿಗೂ ತೋರಿಸುತ್ತೇನೆ,' ಎಂದು ಜವಾಬು ಬಂತು.

ಒಂದು ತಿಂಗಳು ಕಾದಳು. ಆಮೇಲೆ ದಪ್ಪನೆಯ ಲಕೋಟೆ ಬಂತು. ಒಳಗೆ ಯಿದ್ದಿಶ್‌ನಲ್ಲಿ ನಾಲ್ಕು ಹಾಳೆ.

'ಅಮ್ಮಾ, ನಾನು ನಿಮ್ಮ ಬೆರ್ಲ್ ಅಲ್ಲ, ಲೋಡ್ಜ್ ಊರಿನವನು. ನಿಮ್ಮವರು, ವಿಲ್ನಾದ ದೋವ್, ಎರಡು ತಿಂಗಳು ಇಲ್ಲಿ ಲಾರಿ ಓಡಿಸಿ, ನಿಮ್ಮ ಪತ್ರ ಕೈಸೇರುವ ಮೊದಲೇ ದಕ್ಷಿಣಕ್ಕೆ ಹೋದರು. ವಿಳಾಸ ಬಿಟ್ಟಿಲ್ಲ. ನನ್ನ ತಾಯಿಯೂ ನನ್ನನ್ನು ಬೆರ್ಲ್ ಎಂದೇ ಕರೆಯುತ್ತಿದ್ದರು. ಪತ್ರದಲ್ಲಿ ಆ ಹೆಸರು ಕಂಡು ಅವತ್ತು ನನಗೆ ಕೆಲಸಕ್ಕೆ ಹೋಗಲಾಗಲಿಲ್ಲ...'

ಅವಳು ನಿಂತಲ್ಲೇ ಓದಿದಳು. ಆಮೇಲೆ ಖಾಲಿ ಕೋಣೆಯಲ್ಲಿ ಕೂತು ಅದನ್ನೇ ಗಟ್ಟಿಯಾಗಿ ಓದಿದಳು.

ಮರುದಿನ ಉತ್ತರ ಬರೆಯಲು ಕೂತಳು. ಚಹಾ ಆರಿತು. ಕೊನೆಗೆ, ಲೋಡ್ಜ್‌ನಲ್ಲಿ ನಿಮ್ಮ ಮನೆ ಯಾವ ಬೀದಿಯಲ್ಲಿತ್ತು ಎಂದು ಕೇಳಿದಳು.